ಅಪ್ರೆಂಟಿಸ್ ಹುಡುಗರಿಗೆ ಸರ್ಕಾರ ಕೊಡುವ ಹಣ: ಅದು ಯಾರ ಖಾತೆಗೆ, ಎಷ್ಟು, ಯಾವ ಷರತ್ತಿಗೆ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ವಾಲ್ವ್‌ಗಳ ಬಿಡಿಭಾಗಗಳನ್ನು ಜಾಬ್‌ವರ್ಕ್ ಮೇಲೆ ಮಾಡಿಕೊಡುತ್ತೇವೆ. ನಮ್ಮ ಹಾಜರಿ ಪುಸ್ತಕದಲ್ಲಿ 24 ಜನರಿದ್ದಾರೆ, ಗುತ್ತಿಗೆದಾರರ ಕಡೆಯಿಂದ 10 ಜನ ಬರುತ್ತಾರೆ. ಐಟಿಐ ಟರ್ನರ್ ಮುಗಿಸಿದ ಇಬ್ಬರು, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಒಬ್ಬ, ಹಾಗೂ ಎಸ್ಸೆಸ್ಸೆಲ್ಸಿ ಪಾಸಾಗಿ ಎಂಟು ತಿಂಗಳಿಂದ ನಮ್ಮಲ್ಲೇ ಹೆಲ್ಪರ್ ಆಗಿರುವ ಒಬ್ಬ ಹುಡುಗ, ಈ ನಾಲ್ವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಬೇಕೆಂದಿದ್ದೇನೆ. ಏಜೆಂಟರೊಬ್ಬರು ಬಂದು ‘ಸರ್ಕಾರ ಅರ್ಧ ಸಂಬಳ ನಿಮ್ಮ ಖಾತೆಗೆ ಹಾಕುತ್ತದೆ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಬಂದ ಹಣದಲ್ಲಿ ನಮಗೆ ಇಂತಿಷ್ಟು ಕೊಟ್ಟರೆ ಸಾಕು’ ಎನ್ನುತ್ತಿದ್ದಾರೆ. ಇದರಲ್ಲಿ ಎಷ್ಟು ನಿಜ? ತರಬೇತಿ ಮುಗಿದ ಮೇಲೆ ಅವರನ್ನು ಕಾಯಂ ಮಾಡಲೇಬೇಕೇ?

ಉತ್ತರ: ನಿಮ್ಮ ಏಜೆಂಟರ ಮಾತಿನಲ್ಲಿ ನಿಜವೂ ಇದೆ, ಹಳತಾದ ಸುದ್ದಿಯೂ ಇದೆ, ನಿಮ್ಮನ್ನು ತೊಂದರೆಗೆ ಸಿಕ್ಕಿಸಬಹುದಾದ ಒಂದು ಸಂಗತಿಯೂ ಇದೆ. ಹಳತಾದ ಸುದ್ದಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಲೆಕ್ಕಾಚಾರವೆಲ್ಲ ಅದರ ಮೇಲೆ ನಿಂತಿದೆ.

ಕೇಂದ್ರ ಸರ್ಕಾರವು 2016ರ ಆಗಸ್ಟ್ 19ರಂದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯನ್ನು, ಅಂದರೆ ಎಲ್ಲರೂ ‘ನ್ಯಾಪ್ಸ್’ ಎಂದು ಕರೆಯುವ ಯೋಜನೆಯನ್ನು ಜಾರಿಗೆ ತಂದಾಗ, ಮಾಲೀಕರು ಮೊದಲು ಪೂರ್ತಿ ಶಿಷ್ಯವೇತನವನ್ನು ತಮ್ಮ ಕೈಯಿಂದ ಕೊಟ್ಟು, ಆಮೇಲೆ ಸರ್ಕಾರದ ಪಾಲನ್ನು ಮರುಪಾವತಿಯಾಗಿ ಕೇಳಿ ಪಡೆಯುವ ಪದ್ಧತಿ ಇತ್ತು. ಆಗ ಹಣ ನಿಜಕ್ಕೂ ಮಾಲೀಕರ ಖಾತೆಗೇ ಬರುತ್ತಿತ್ತು, ಬರುವುದು ಎಷ್ಟೋ ಸಲ ತಡವಾಗುತ್ತಿತ್ತು. 2023ರ ಆಗಸ್ಟ್‌ನಲ್ಲಿ ಈ ಪದ್ಧತಿ ಬದಲಾಯಿತು. ಈಗ ಸರ್ಕಾರದ ಪಾಲು ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೆ ನೇರವಾಗಿ ಜಮಾ ಆಗುತ್ತದೆ, ನಿಮ್ಮ ಖಾತೆಗೆ ಒಂದು ರೂಪಾಯಿಯೂ ಬರುವುದಿಲ್ಲ. ನಿಮಗೆ ಸಿಗುವ ಲಾಭವೆಂದರೆ ನೀವು ಕೊಡಬೇಕಾದ ಮೊತ್ತ ಅಷ್ಟರ ಮಟ್ಟಿಗೆ ಕಡಿಮೆಯಾಗುವುದು. ಆದ್ದರಿಂದ ‘ಬಂದ ಹಣದಲ್ಲಿ ನಮಗೆ ಇಂತಿಷ್ಟು’ ಎಂಬ ಒಪ್ಪಂದಕ್ಕೆ ಒಂದೇ ಅರ್ಥವಿದೆ: ಹುಡುಗನ ಹಣವನ್ನು ಅವನಿಂದ ವಾಪಸ್ ಪಡೆದು ಏಜೆಂಟರಿಗೆ ಕೊಡುವುದು. ಅದಕ್ಕೆ ಖಂಡಿತ ಒಪ್ಪಬೇಡಿ.

ಅರ್ಧ ಸಂಬಳದ ಮಾತಿಗೆ ಬರೋಣ. ಇಲ್ಲಿ ಎರಡು ಯೋಜನೆಗಳು ಬೆರೆತುಹೋಗಿವೆ. ಕೌಶಲಾಭಿವೃದ್ಧಿ ಸಚಿವಾಲಯ ನಡೆಸುವ ನ್ಯಾಪ್ಸ್‌ನಲ್ಲಿ ಸರ್ಕಾರ ಕೊಡುವುದು ಶಿಷ್ಯವೇತನದ ಶೇ 25ರಷ್ಟು ಮಾತ್ರ, ಅದೂ ಒಬ್ಬರಿಗೆ ತಿಂಗಳಿಗೆ ಗರಿಷ್ಠ 1,500 ರೂಪಾಯಿ. ಶಿಕ್ಷಣ ಸಚಿವಾಲಯ ನಡೆಸುವ ‘ನ್ಯಾಟ್ಸ್’ ಎಂಬ ಇನ್ನೊಂದು ಯೋಜನೆ ಪದವೀಧರರಿಗೆ ಮತ್ತು ಡಿಪ್ಲೊಮಾದವರಿಗೆ ಮೀಸಲಾದದ್ದು, ನಿಗದಿತ ಕನಿಷ್ಠ ಶಿಷ್ಯವೇತನದ ಅರ್ಧವನ್ನು ಸರ್ಕಾರ ಭರಿಸುವುದು ಅದರಲ್ಲಿ. ನಿಮ್ಮ ಐಟಿಐ ಹುಡುಗರಿಬ್ಬರೂ ಮೊದಲನೆಯದಕ್ಕೆ ಸೇರುತ್ತಾರೆ, ಡಿಪ್ಲೊಮಾ ಹುಡುಗ ಎರಡನೆಯದಕ್ಕೆ. ಎರಡಕ್ಕೂ ಬೇರೆ ಬೇರೆ ಪೋರ್ಟಲ್, ಬೇರೆ ಬೇರೆ ಕಚೇರಿ. ನ್ಯಾಪ್ಸ್ ವಿಷಯದಲ್ಲಿ ನಿಮ್ಮಂಥ ಖಾಸಗಿ ಘಟಕಕ್ಕೆ ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಕಡೆಯ ಅಪ್ರೆಂಟಿಸ್‌ಶಿಪ್ ಸಲಹೆಗಾರರು ಸಂಬಂಧಪಟ್ಟವರು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವ್ಯವಹಾರವಿರುವ ಕಂಪನಿಗಳು ಮಾತ್ರ ಕೇಂದ್ರದ ವ್ಯಾಪ್ತಿಗೆ ಬರುತ್ತವೆ. ನ್ಯಾಟ್ಸ್ ವಿಷಯದಲ್ಲಿ ಕರ್ನಾಟಕವು ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಗೆ ಸೇರಿದೆ. ನಮ್ಮ ರಾಜ್ಯದ ಇಲಾಖೆಯ ಪ್ರಕಟಣೆಗಳಲ್ಲಿ ಅಪ್ರೆಂಟಿಸ್ ಎಂಬುದಕ್ಕೆ ‘ಶಿಶಿಕ್ಷು’ ಎಂಬ ಪದ ಕಾಣುತ್ತದೆ. ಪತ್ರ ಬಂದಾಗ ಇದು ಯಾವುದೋ ಶಿಶುಕಲ್ಯಾಣದ ವಿಷಯವೆಂದು ಬದಿಗಿಟ್ಟ ಮಾಲೀಕರನ್ನು ನಾನೇ ಕಂಡಿದ್ದೇನೆ, ಆದ್ದರಿಂದ ಹೇಳಿದೆ.

ಈಗ ಅಂಕಿಗಳು. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ತಿಂಗಳ ಕನಿಷ್ಠ ಶಿಷ್ಯವೇತನವು ಐದರಿಂದ ಒಂಬತ್ತನೇ ತರಗತಿಯವರೆಗೆ ಓದಿದವರಿಗೆ 5,000, ಹತ್ತನೇ ತರಗತಿ ಪಾಸಾದವರಿಗೆ 6,000, ಐಟಿಐ ಪ್ರಮಾಣಪತ್ರ ಇದ್ದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ. ತರಬೇತಿ ಒಂದು ವರ್ಷಕ್ಕಿಂತ ಹೆಚ್ಚಿದ್ದರೆ ಎರಡನೇ ವರ್ಷ ಶೇ 10ರಷ್ಟು ಏರಿಸಬೇಕು. ನಿಮ್ಮ ಒಬ್ಬ ಐಟಿಐ ಹುಡುಗನನ್ನೇ ತೆಗೆದುಕೊಳ್ಳಿ. 7,000ದ ಕಾಲುಭಾಗ 1,750 ಆಗುತ್ತದೆ, ಆದರೆ ಮಿತಿ 1,500. ಆದ್ದರಿಂದ ಸರ್ಕಾರ 1,500 ಹಾಕುತ್ತದೆ, ನೀವು 5,500 ಕೊಡುತ್ತೀರಿ. ವರ್ಷಕ್ಕೆ ನಿಮ್ಮ ಪಾಲು 66,000, ಸರ್ಕಾರದ್ದು 18,000. ಡಿಪ್ಲೊಮಾ ಹುಡುಗನ 8,000ದಲ್ಲಿ ನಿಮ್ಮದು 4,000, ಸರ್ಕಾರದ್ದು 4,000, ವರ್ಷಕ್ಕೆ ತಲಾ 48,000. ಈ ಮೂವರನ್ನು ಒಂದು ವರ್ಷ ಇಟ್ಟುಕೊಂಡರೆ ಒಟ್ಟು 2,64,000 ರೂಪಾಯಿಯಲ್ಲಿ ನಿಮ್ಮ ಕೈಯಿಂದ ಹೋಗುವುದು 1,80,000, ಸರ್ಕಾರ ಹೊರುವುದು 84,000. ಅರ್ಧವೆಂದು ನಂಬಿ ಬಜೆಟ್ ಹಾಕಿಕೊಂಡಿದ್ದರೆ ನಿಮಗೆ 48,000 ರೂಪಾಯಿ ಕೊರತೆ ಬೀಳುತ್ತಿತ್ತು.

ಆದರೆ ಈ ದರಗಳನ್ನು ಕಲ್ಲಿನ ಮೇಲೆ ಕೊರೆದಂತೆ ಭಾವಿಸಬೇಡಿ. ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿಯು 2025ರ ಮೇ ತಿಂಗಳಲ್ಲಿ ಶಿಷ್ಯವೇತನವನ್ನು ಶೇ 36ರಷ್ಟು ಹೆಚ್ಚಿಸಿ, 5,000ದಿಂದ 9,000ದವರೆಗೆ ಇದ್ದ ಶ್ರೇಣಿಯನ್ನು 6,800ರಿಂದ 12,300ರವರೆಗೆ ಏರಿಸುವಂತೆ ಶಿಫಾರಸು ಮಾಡಿದೆ. ಒಪ್ಪಂದಕ್ಕೆ ಸಹಿ ಹಾಕುವ ದಿನ ಯಾವ ದರ ಜಾರಿಯಲ್ಲಿರುತ್ತದೋ ಅದನ್ನು ಪೋರ್ಟಲ್‌ನಲ್ಲಿ ನೋಡಿಕೊಂಡೇ ಮುಂದುವರಿಯಿರಿ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನ್ಯಾಪ್ಸ್‌ನ 1,500ರ ಮಿತಿ ಹಾಗೆಯೇ ಉಳಿದು ಶಿಷ್ಯವೇತನ ಮಾತ್ರ ಏರಿದರೆ, ಐಟಿಐ ಹುಡುಗರ ವಿಷಯದಲ್ಲಿ ಏರಿಕೆಯ ಪೂರ್ತಿ ಭಾರ ನಿಮ್ಮ ಮೇಲೆಯೇ ಬೀಳುತ್ತದೆ. ಹೀಗಾಗಿ ನೆರವು ಕಾಲುಭಾಗ ಎನ್ನುವುದಕ್ಕಿಂತ ‘ತಲೆಗೆ ಒಂದೂವರೆ ಸಾವಿರ’ ಎಂದು ಇಟ್ಟುಕೊಳ್ಳುವುದೇ ಸುರಕ್ಷಿತ. ಯೋಜನೆಯ ಅವಧಿಯ ಮೇಲೂ ಕಣ್ಣಿರಲಿ. 2025ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2025–26ರ ಹಣಕಾಸು ವರ್ಷದ ಕೊನೆಯವರೆಗಿನ ಅವಧಿಗೆ. ಅದರಾಚೆಗೂ ಚಾಚುವ ಒಪ್ಪಂದವಾದರೆ ಮುಂದುವರಿಕೆಯ ಆದೇಶವಿದೆಯೇ ಎಂದು ಸಲಹೆಗಾರರ ಕಚೇರಿಯಲ್ಲಿ ಕೇಳಿಯೇ ಲೆಕ್ಕ ಹಾಕಿ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕಾದ ಮಾತು: ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಇದು ಕಡ್ಡಾಯ, ನಾಲ್ಕರಿಂದ 29 ಜನರಿರುವ ಕಡೆ ಐಚ್ಛಿಕ. ಈ ಎಣಿಕೆಯಲ್ಲಿ ಗುತ್ತಿಗೆಯವರೂ ಸೇರುತ್ತಾರೆ. ‘ನಮ್ಮಲ್ಲಿರುವುದು 24 ಜನ’ ಎಂದು ನೀವು ಅಂದುಕೊಂಡಿರಬಹುದು, ಆದರೆ ಕಾಯ್ದೆಯ ಕಣ್ಣಿಗೆ ನೀವು 34 ಜನರ ಸಂಸ್ಥೆ. ಒಟ್ಟು ಬಲದ ಶೇ 2.5ರಿಂದ ಶೇ 15ರವರೆಗೆ ಅಪ್ರೆಂಟಿಸ್‌ಗಳು ಇರಬೇಕೆಂಬುದು ನಿಯಮ. 34ಕ್ಕೆ ಲೆಕ್ಕ ಹಾಕಿದರೆ ಕನಿಷ್ಠ ಒಬ್ಬ, ಗರಿಷ್ಠ ಐವರು. ತೆಗೆದುಕೊಳ್ಳದಿದ್ದರೆ ಖಾಲಿ ಉಳಿದ ಪ್ರತಿ ಸ್ಥಾನಕ್ಕೆ ಮೊದಲ ಮೂರು ತಿಂಗಳು ತಿಂಗಳಿಗೆ 500, ಆಮೇಲೆ ಭರ್ತಿಯಾಗುವವರೆಗೆ ತಿಂಗಳಿಗೆ 1,000 ರೂಪಾಯಿ ದಂಡ. 2014ರ ತಿದ್ದುಪಡಿಯಲ್ಲಿ ಜೈಲುಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿದರು.

ಇನ್ನು ನಿಮ್ಮನ್ನು ತೊಂದರೆಗೆ ಸಿಕ್ಕಿಸಬಹುದಾದ ಸಂಗತಿ. ಎಂಟು ತಿಂಗಳಿಂದ ಹೆಲ್ಪರ್ ಆಗಿ ದುಡಿಯುತ್ತಿರುವ ಹುಡುಗನನ್ನು ಅಪ್ರೆಂಟಿಸ್ ಪಟ್ಟಿಗೆ ಸೇರಿಸುವ ಯೋಚನೆಯನ್ನು ಕೈಬಿಡಿ. ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತನಾದವನು ‘ತರಬೇತಿ ಪಡೆಯುವವ’, ಕಾರ್ಮಿಕನಲ್ಲ ಎಂದು ಕಾಯ್ದೆಯ 18ನೇ ಕಲಮು ಹೇಳುತ್ತದೆ. ಅವನನ್ನು ಪಿಎಫ್ ಮತ್ತು ಇಎಸ್‌ಐ ಹೊರಗಿಟ್ಟಿರುವುದೂ ನಿಜ, ಹಳೆಯ ಕಾಯ್ದೆಗಳಲ್ಲೂ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ವಿನಾಯಿತಿ ಇದೆ. ಆದರೆ ನಿನ್ನೆಯವರೆಗೆ ಚಿಪ್ಸ್ ಬಾಚಿ, ಕೂಲಂಟ್ ತುಂಬಿ, ಡ್ರಿಲ್ಲಿಂಗ್ ಮಷಿನ್ ಮೇಲೆ ನಿಂತು ದಿನಗೂಲಿ ಪಡೆಯುತ್ತಿದ್ದವನು ಇಂದು ಅದೇ ಮಷಿನ್ ಮೇಲೆ ಅದೇ ಕೆಲಸ ಮಾಡುತ್ತಾ ಕಾಗದದಲ್ಲಿ ಮಾತ್ರ ಶಿಶಿಕ್ಷು ಆದರೆ, ತಪಾಸಣೆಗೆ ಬಂದ ಪಿಎಫ್ ಅಧಿಕಾರಿ ಅದನ್ನು ವಂತಿಗೆ ತಪ್ಪಿಸುವ ಉಪಾಯವೆಂದೇ ಓದುತ್ತಾರೆ, ಹಾಗೆ ಓದಿದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಅವನು ಬಂದ ದಿನದಿಂದಲೇ ನಿಮ್ಮ ನೌಕರ. ಅವನ ಪಿಎಫ್, ಇಎಸ್‌ಐ ಇನ್ನೂ ಮಾಡಿಸಿಲ್ಲವಾದರೆ ಮೊದಲು ಅದನ್ನು ಸರಿಪಡಿಸಿ.

ಈ ವಿಷಯದಲ್ಲಿ ಕೆಲವು ಸಲಹೆಗಾರರು ಕ್ಯಾಂಪ್ಕೊ ಪ್ರಕರಣವನ್ನು ಮುಂದಿಡುತ್ತಾರೆ. ಮಂಗಳೂರಿನ ಆ ಅಡಿಕೆ–ಕೋಕೊ ಸಹಕಾರಿ ಸಂಸ್ಥೆಯ ತರಬೇತಿ ಅಭ್ಯರ್ಥಿಗಳಿಗೆ ಪಿಎಫ್ ಕಟ್ಟಬೇಕೇ ಎಂಬ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2006ರಲ್ಲಿ ಬೇಕಿಲ್ಲ ಎಂಬ ತೀರ್ಪು ಬಂದದ್ದು ಸರಿ. ಆದರೆ ಆ ತೀರ್ಪು ನಿಂತಿರುವುದು ಸ್ಟ್ಯಾಂಡಿಂಗ್ ಆರ್ಡರ್‌ಗಳ, ಅಂದರೆ ದೊಡ್ಡ ಸಂಸ್ಥೆಗಳಲ್ಲಿ ಕೆಲಸದ ಷರತ್ತುಗಳನ್ನು ಗೊತ್ತುಮಾಡುವ ನಿಯಮಗಳ ಅಡಿಯಲ್ಲಿ ಅಪ್ರೆಂಟಿಸ್ ಎನಿಸಿಕೊಂಡವರಿಗೆ ಪಿಎಫ್ ಕಾಯ್ದೆಯಲ್ಲೇ ವಿನಾಯಿತಿ ಇದೆ ಎಂಬ ಆಧಾರದ ಮೇಲೆ. 34 ಜನರ ನಿಮ್ಮ ಘಟಕಕ್ಕೆ ಸ್ಟ್ಯಾಂಡಿಂಗ್ ಆರ್ಡರ್‌ಗಳೇ ಅನ್ವಯಿಸುವುದಿಲ್ಲ. ಹೀಗಾಗಿ ಲೆಟರ್‌ಹೆಡ್ ಮೇಲೆ ‘ಟ್ರೇನಿ’ ಎಂದು ಬರೆದು ಕೊಟ್ಟ ಕಾಗದ ನಿಮ್ಮನ್ನು ಕಾಯುವುದಿಲ್ಲ. ನಿಮಗಿರುವುದು ಒಂದೇ ಬಾಗಿಲು: ಅಪ್ರೆಂಟಿಸ್ ಕಾಯ್ದೆಯಡಿ ಪೋರ್ಟಲ್‌ನಲ್ಲಿ ನೋಂದಾಯಿತವಾದ ಒಪ್ಪಂದ. ಒಪ್ಪಂದದ ವಿವರಗಳನ್ನು ಏಳು ದಿನಗಳೊಳಗೆ ಪೋರ್ಟಲ್‌ಗೆ ಏರಿಸಬೇಕೆಂದು ಕಾಯ್ದೆ ಹೇಳುತ್ತದೆ. ಹುಡುಗರನ್ನು ಮೊದಲು ಕೆಲಸಕ್ಕೆ ಹಚ್ಚಿ, ಪುರಸೊತ್ತಾದಾಗ ನೋಂದಾಯಿಸಿದರಾಯಿತು ಎಂಬ ನಮ್ಮ ಸಾಮಾನ್ಯ ರೂಢಿ ಇಲ್ಲಿ ನಡೆಯುವುದಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದ ಬೇರೆ ಹೊಸ ಹುಡುಗನನ್ನು ತೆಗೆದುಕೊಳ್ಳಲು ಅಡ್ಡಿಯಿಲ್ಲ. ಅವನಿಗೆ 6,000ದ ದರದಲ್ಲಿ ಸರ್ಕಾರ 1,500, ನೀವು 4,500 ಕೊಡುತ್ತೀರಿ. ಆದರೆ ಐಟಿಐ ಕಲಿಯದೆ ನೇರವಾಗಿ ಬಂದವನಿಗೆ ಮಷಿನ್ ಮೇಲೆ ಕೈಯಿಡುವ ಮೊದಲು ಮೂಲ ತರಬೇತಿ ಕೊಡಿಸಬೇಕು. 2016ರ ಮೂಲ ಯೋಜನೆಯಲ್ಲಿ ಇದಕ್ಕೆಂದು 500 ಗಂಟೆಗೆ ಗರಿಷ್ಠ 7,500 ರೂಪಾಯಿ ನೆರವಿತ್ತು, ಆ ಅಂಕಿ ಹಳೆಯ ಕರಪತ್ರಗಳಲ್ಲಿ ಇನ್ನೂ ತಿರುಗಾಡುತ್ತಿದೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ಮೊದಲ ಸಲ ಮಾಡುತ್ತಿರುವ ನಿಮಗೆ ಐಟಿಐ ಹುಡುಗರೇ ಸರಿ ಎಂಬುದು ನನ್ನ ಅಭಿಪ್ರಾಯ.

ಪೋರ್ಟಲ್ ಕೆಲಸ ಕಷ್ಟದ್ದಲ್ಲ, ಕಿರಿಕಿರಿಯದು. ಸಂಸ್ಥೆಯ ನೋಂದಣಿ, ಟ್ರೇಡ್‌ವಾರು ಸ್ಥಾನಗಳ ಪ್ರಕಟಣೆ, ಹುಡುಗರ ನೋಂದಣಿ, ಒಪ್ಪಂದ, ಅದಕ್ಕೆ ಹುಡುಗನ ಒಪ್ಪಿಗೆ, ಇವಿಷ್ಟನ್ನು ಕಂಪ್ಯೂಟರ್ ಬಲ್ಲ ಗುಮಾಸ್ತರು ಮಾಡಿ ಮುಗಿಸಬಹುದು, ನೋಂದಣಿಗೆ ಶುಲ್ಕವಿಲ್ಲ. ಹೆಚ್ಚಿನ ಅಡಚಣೆ ಬರುವುದು ಹೆಸರಿನಲ್ಲಿ ಮತ್ತು ಬ್ಯಾಂಕಿನಲ್ಲಿ. ನಮ್ಮ ಕಡೆಯ ಹುಡುಗರ ಅಂಕಪಟ್ಟಿಯಲ್ಲಿ ಹೆಸರಿನ ಪಕ್ಕ ಒಂದೋ ಎರಡೋ ಇನಿಶಿಯಲ್ ಇರುತ್ತದೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಮತ್ತು ಮನೆತನದ ಹೆಸರು ಇರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮೂರನೆಯ ಬಗೆ. ಈ ಮೂರೂ ಹೊಂದದೆ ಮೊದಲ ತಿಂಗಳಿನ ಹಣವೇ ನಿಂತುಹೋದದ್ದನ್ನು ನಾನು ಪದೇ ಪದೇ ನೋಡಿದ್ದೇನೆ. ಎರಡನೆಯದಾಗಿ, ಸರ್ಕಾರದ ಪಾಲು ಹೋಗುವುದು ಆಧಾರ್ ಜೋಡಣೆಯಾಗಿರುವ ಖಾತೆಗೆ. ಹುಡುಗ ವಿದ್ಯಾರ್ಥಿವೇತನಕ್ಕೆಂದು ಊರಿನ ಬ್ಯಾಂಕಿನಲ್ಲಿ ಒಂದು ಖಾತೆ, ಹುಬ್ಬಳ್ಳಿಗೆ ಬಂದ ಮೇಲೆ ಇನ್ನೊಂದು ಖಾತೆ ತೆಗೆದಿರುತ್ತಾನೆ. ನೀವು ಒಂದರಲ್ಲಿ ಹಾಕುತ್ತೀರಿ, ಸರ್ಕಾರ ಇನ್ನೊಂದರಲ್ಲಿ ಹಾಕುತ್ತದೆ, ಅವನು ‘ಸರ್, ಸರ್ಕಾರದ್ದು ಬಂದೇ ಇಲ್ಲ’ ಎಂದು ನಿಮ್ಮ ಮುಂದೆ ನಿಲ್ಲುತ್ತಾನೆ. ಸೇರಿಸಿಕೊಳ್ಳುವ ದಿನವೇ ಬ್ಯಾಂಕಿಗೆ ಕಳುಹಿಸಿ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಬರೆಸಿಕೊಂಡು ಬರಲು ಹೇಳಿ.

ಆಮೇಲೆ ಪ್ರತಿ ತಿಂಗಳು ನಿಮ್ಮ ಪಾಲನ್ನು ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಬ್ಯಾಂಕ್ ಮೂಲಕವೇ ಕೊಟ್ಟು, ಹಾಜರಿ ಮತ್ತು ಪಾವತಿಯ ವಿವರವನ್ನು ಪೋರ್ಟಲ್‌ನಲ್ಲಿ ನಮೂದಿಸಬೇಕು. ನೀವು ನಮೂದಿಸದೆ ಸರ್ಕಾರದ ಪಾಲು ಕದಲುವುದಿಲ್ಲ. ಸಣ್ಣ ಘಟಕವೊಂದರಲ್ಲಿ ಲೆಕ್ಕ ನೋಡುತ್ತಿದ್ದವರು ಹೆರಿಗೆ ರಜೆಗೆ ಹೋದಾಗ ಪೋರ್ಟಲ್‌ನ ಪಾಸ್‌ವರ್ಡ್ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ತಿಂಗಳು ಹುಡುಗರಿಗೆ ತಿಂಗಳಿಗೆ 1,500ರಂತೆ ಕಡಿಮೆ ಬಂತು, ಇಬ್ಬರು ಹೇಳದೆ ಕೇಳದೆ ಹೊರಟುಹೋದರು. ಪಾಸ್‌ವರ್ಡ್ ಇಬ್ಬರ ಬಳಿಯಾದರೂ ಇರಲಿ. ಇಷ್ಟೆಲ್ಲ ನೋಡಿಕೊಳ್ಳಲು ಆಗದಿದ್ದರೆ ಮಧ್ಯವರ್ತಿ ಸಂಸ್ಥೆಗಳ ಸೇವೆ ಪಡೆಯಲು ಯೋಜನೆಯಲ್ಲೇ ಅವಕಾಶವಿದೆ. ಆದರೆ ಅವರ ಶುಲ್ಕವನ್ನು ನಿಮ್ಮ ಹಣದಿಂದ, ಲಿಖಿತ ಒಪ್ಪಂದದ ಮೇಲೆ ಕೊಡಿ. ನಿಮ್ಮ ಮೊಬೈಲ್‌ಗೆ ಬರುವ ಒಟಿಪಿಯನ್ನು ಯಾರಿಗೂ ಕೊಡಬೇಡಿ.

ಇಎಸ್‌ಐ ಇಲ್ಲವೆಂಬುದನ್ನು ಏಜೆಂಟರು ಲಾಭದ ಪಟ್ಟಿಯಲ್ಲಿ ಹೇಳುತ್ತಾರೆ, ಅದರ ಇನ್ನೊಂದು ಮುಖವನ್ನು ಹೇಳುವುದಿಲ್ಲ. ಹುಡುಗನ ಬೆರಳು ಪವರ್ ಪ್ರೆಸ್‌ಗೆ ಸಿಕ್ಕಿತೆಂದುಕೊಳ್ಳಿ. ಇಎಸ್‌ಐ ಇರುವ ನೌಕರನಾದರೆ ಆಸ್ಪತ್ರೆಯ ಖರ್ಚು, ಅಂಗಹಾನಿಯ ಪಿಂಚಣಿ ಎಲ್ಲವನ್ನೂ ನಿಗಮ ನೋಡಿಕೊಳ್ಳುತ್ತದೆ. ಅಪ್ರೆಂಟಿಸ್‌ಗೆ ಆದ ಗಾಯಕ್ಕೆ ಪರಿಹಾರ ಕೊಡಬೇಕಾದವರು, ಕಾಯ್ದೆಯ 16ನೇ ಕಲಮಿನ ಪ್ರಕಾರ, ನೀವೇ. ನೌಕರರ ಪರಿಹಾರದ ಲೆಕ್ಕದಲ್ಲಿ ಅದು ಲಕ್ಷಗಳಿಗೆ ಹೋಗಬಹುದು. ಆದ್ದರಿಂದ ಹುಡುಗರು ಒಳಗೆ ಕಾಲಿಡುವ ಮೊದಲೇ ನಿಮ್ಮ ವಿಮಾ ಕಂಪನಿಯಿಂದ ನೌಕರರ ಪರಿಹಾರದ ಪಾಲಿಸಿ ಮಾಡಿಸಿ, ಅದರಲ್ಲಿ ಅಪ್ರೆಂಟಿಸ್‌ಗಳೂ ಸೇರಿದ್ದಾರೆಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಸುರಕ್ಷತೆ ಮತ್ತು ಆರೋಗ್ಯದ ನಿಯಮಗಳು ಉಳಿದ ಕಾರ್ಮಿಕರಿಗೆ ಅನ್ವಯಿಸುವಂತೆಯೇ ಇವರಿಗೂ ಅನ್ವಯಿಸುತ್ತವೆ. ಆರ್ಡರ್ ಒತ್ತಡವಿದೆಯೆಂದು ಓವರ್‌ಟೈಮ್ ಮಾಡಿಸುವಂತಿಲ್ಲ, ಅದಕ್ಕೆ ಸಲಹೆಗಾರರ ಅನುಮತಿ ಬೇಕು, ತರಬೇತಿಗೋ ಸಾರ್ವಜನಿಕ ಹಿತಕ್ಕೋ ಅಗತ್ಯವೆಂದು ಮನವರಿಕೆಯಾಗದೆ ಅವರು ಕೊಡುವುದಿಲ್ಲ.

ಡಿಪ್ಲೊಮಾ ಹುಡುಗನ ಬಗ್ಗೆ ಎರಡು ವಿಷಯಗಳನ್ನು ಮೊದಲೇ ಕೇಳಿಕೊಳ್ಳಿ. ಡಿಪ್ಲೊಮಾ ಮುಗಿಸಿದ ಮೇಲೆ ಅವನು ಎಲ್ಲಾದರೂ ಒಂದು ವರ್ಷ ಅಥವಾ ಹೆಚ್ಚು ಕಾಲ ಕೆಲಸವನ್ನೋ ತರಬೇತಿಯನ್ನೋ ಮಾಡಿದ್ದರೆ ಅವನಿಗೆ ಅರ್ಹತೆ ಇರುವುದಿಲ್ಲ. ಇನ್ನೊಂದು, ಅವನು ರಾಜ್ಯ ಸರ್ಕಾರದ ಯುವನಿಧಿಯಲ್ಲಿ ತಿಂಗಳಿಗೆ 1,500 ರೂಪಾಯಿ ಪಡೆಯುತ್ತಿರಬಹುದು. ಅಪ್ರೆಂಟಿಸ್ ವೇತನ ಪಡೆಯುವವರಿಗೆ ಯುವನಿಧಿ ಸಿಗುವುದಿಲ್ಲ, ಅದನ್ನು ಅವನು ನಿಲ್ಲಿಸಿಕೊಳ್ಳಬೇಕು. ಎರಡನ್ನೂ ಪಡೆದು ಸಿಕ್ಕಿಬಿದ್ದರೆ ತೊಂದರೆ ಅವನಿಗೆ, ಆದರೆ ಹೇಳದಿದ್ದ ತಪ್ಪು ನಿಮ್ಮ ಮೇಲೆ ಬರುತ್ತದೆ. ಪತ್ರಿಕೆಗಳಲ್ಲಿ ಓದುವ ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆ ಇವೆರಡಕ್ಕೂ ಸಂಬಂಧವಿಲ್ಲದ್ದು, ಅದು ದೇಶದ ಅತಿ ದೊಡ್ಡ ಐನೂರು ಕಂಪನಿಗಳನ್ನು ಉದ್ದೇಶಿಸಿದ್ದು.

ಕಾಯಂ ಮಾಡಲೇಬೇಕೇ ಎಂದರೆ, ಬೇಕಿಲ್ಲ. ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆಯೂ ತನ್ನದೇ ನೀತಿ ರೂಪಿಸಿಕೊಳ್ಳಬೇಕೆಂದಷ್ಟೇ 22ನೇ ಕಲಮು ಹೇಳುತ್ತದೆ. ಆದರೆ ಒಪ್ಪಂದದ ನಡುವೆ ನಿಮ್ಮ ಕಡೆಯ ಲೋಪದಿಂದ ಬಿಡಿಸಿದರೆ ಮೂರು ತಿಂಗಳ ಶಿಷ್ಯವೇತನವನ್ನು ಪರಿಹಾರವಾಗಿ ಕೊಡಬೇಕಾಗುತ್ತದೆ.

ಈ ನೆರವನ್ನು ಅಗ್ಗದ ಕೈಗಳೆಂದು ನೋಡಿದರೆ ಲೆಕ್ಕ ಕೂಡುವುದಿಲ್ಲ ಎಂಬುದು ನನ್ನ ಅನುಭವ. ಮೂವರಿಗೆ ಸರ್ಕಾರ ಹೊರುವ 84,000 ರೂಪಾಯಿ, ನಿಮ್ಮ ಹಿರಿಯ ಟರ್ನರ್ ದಿನಕ್ಕೆ ಒಂದು ಗಂಟೆ ಇವರ ಪಕ್ಕ ನಿಂತು ಮೈಕ್ರೊಮೀಟರ್ ಹಿಡಿಯುವುದನ್ನು ಕಲಿಸಿದರೆ, ಮತ್ತು ಮೊದಲ ಮೂರು ತಿಂಗಳು ಅವರ ಕೈಯಲ್ಲಿ ಸ್ಕ್ರ್ಯಾಪ್ ಆಗುವ ಸ್ಟೇನ್‌ಲೆಸ್ ಸ್ಟೀಲ್ ರಾಡ್‌ಗಳ ಬೆಲೆ ಸೇರಿಸಿದರೆ, ಹೆಚ್ಚುಕಡಿಮೆ ಅಲ್ಲಿಗೇ ಸರಿಹೋಗುತ್ತದೆ. ನಿಜವಾದ ಪ್ರತಿಫಲ ಬರುವುದು ಒಂದು ವರ್ಷ ಕಳೆದು, ನಿಮ್ಮ ಡ್ರಾಯಿಂಗ್ ಓದಬಲ್ಲ, ನಿಮ್ಮ ಮಷಿನ್‌ನ ಸದ್ದು ಬಲ್ಲ ಹುಡುಗ ಸಿದ್ಧನಾದಾಗ. ಆ ಹೊತ್ತಿಗೆ ಇನ್ನೊಂದು ನೆರವು ಬಳಕೆಗೆ ಬರುತ್ತದೆ, ಅದು ನಿಜವಾಗಿಯೂ ನಿಮ್ಮ ಖಾತೆಗೇ ಬರುವಂಥದು. ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ, 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಹೊಸ ಉದ್ಯೋಗಗಳಿಗೆ ಮಾಲೀಕರಿಗೆ ಪ್ರೋತ್ಸಾಹಧನವಿದೆ. 10,000ದಿಂದ 20,000ದವರೆಗಿನ ಸಂಬಳಕ್ಕೆ ತಿಂಗಳಿಗೆ 2,000, ಅದಕ್ಕಿಂತ ಹೆಚ್ಚಿನ ಸಂಬಳಕ್ಕೆ 3,000 ರೂಪಾಯಿ, ಎರಡು ವರ್ಷ ಸಿಗುತ್ತದೆ, ತಯಾರಿಕಾ ವಲಯಕ್ಕೆ ನಾಲ್ಕು ವರ್ಷ. ಐವತ್ತಕ್ಕಿಂತ ಕಡಿಮೆ ನೌಕರರಿರುವ ನಿಮ್ಮಂಥವರು ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ತೆಗೆದುಕೊಂಡು ಆರು ತಿಂಗಳು ಉಳಿಸಿಕೊಳ್ಳಬೇಕು. ಅಪ್ರೆಂಟಿಸ್ ಆಗಿದ್ದಾಗ ಪಿಎಫ್ ಇಲ್ಲದ ಕಾರಣ, ಹಿಂದೆ ಬೇರೆಲ್ಲೂ ಪಿಎಫ್ ಇರದಿದ್ದ ಪಕ್ಷದಲ್ಲಿ, ಈ ಹುಡುಗರು ಆಗ ‘ಮೊದಲ ಬಾರಿಗೆ ಕೆಲಸಕ್ಕೆ ಸೇರುವವರು’ ಎನಿಸಿಕೊಂಡು ತಾವೂ ಒಂದು ತಿಂಗಳ ಸಂಬಳದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತುಗಳಲ್ಲಿ ಪಡೆಯಬಹುದು. ಐಟಿಐ ಹುಡುಗರ ಒಂದು ವರ್ಷದ ತರಬೇತಿ ಆ ಕೊನೆಯ ತಾರೀಖಿನ ಒಳಗೆ ಮುಗಿಯುವಂತೆ ಒಪ್ಪಂದದ ದಿನವನ್ನು ಈಗಲೇ ಗೊತ್ತುಮಾಡಿಕೊಳ್ಳಿ.